ತಂತಿಯ ಮೇಲೆ ಬಂದ ರೇಡಿಯೊ

ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಿದ್ದ ಕಾಲವನ್ನು ಕಂಡವನು ನಾನು. ವರ್ಷಕ್ಕೊಮ್ಮೆ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಬೇಕು, ಪುಸ್ತಕಕ್ಕೆ ಮೊಹರು ಹಾಕಿಸಬೇಕು. ಕೇಳುವುದಕ್ಕೇ ಇಷ್ಟು ಕಟ್ಟುಪಾಡು ಇದ್ದಾಗ, ಊರಿನವರು ರೇಡಿಯೊದಲ್ಲಿ ತಾವೇ ಮಾತಾಡುವುದು ದೂರದ ಮಾತು. 1995ರ ಫೆಬ್ರುವರಿಯಲ್ಲಿ, ಕ್ರಿಕೆಟ್ ಪಂದ್ಯದ ಪ್ರಸಾರದ ತಕರಾರೊಂದರಲ್ಲಿ, ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿತು. ತೀರ್ಪು ಬಂತು, ಹಳ್ಳಿಗೆ ಲೈಸೆನ್ಸ್ ಬರಲಿಲ್ಲ.

ಹಳ್ಳಿಯ ಹೆಂಗಸರು ಕಾಯುತ್ತ ಕೂರಲಿಲ್ಲ. ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ, ಹೈದರಾಲಿ ಹುಟ್ಟಿದ ಊರು. ಅಲ್ಲಿ ಮೈರಾಡ ಸಂಸ್ಥೆ ಕಟ್ಟಿದ ಹೆಂಗಸರ ಸ್ವಸಹಾಯ ಸಂಘಗಳಿದ್ದವು. ಬೆಂಗಳೂರಿನ ವಾಯ್ಸಸ್ ಸಂಸ್ಥೆ ಮತ್ತು ಯುನೆಸ್ಕೊ ನೆರವಿನಿಂದ ಈ ಶತಮಾನದ ಆರಂಭದಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೊ ಶುರುವಾಯಿತು. ಸಂಘದ ಹೆಂಗಸರು, ಊರಿನ ಹುಡುಗ ಹುಡುಗಿಯರು ಸೇರಿ ಕಾರ್ಯಕ್ರಮ ರೆಕಾರ್ಡ್ ಮಾಡುತ್ತಿದ್ದರು. ಆ ಕ್ಯಾಸೆಟ್ಟು ಸಂಘದಿಂದ ಸಂಘಕ್ಕೆ ಓಡಾಡುತ್ತಿತ್ತು.

ಟೇಪ್‌ರೆಕಾರ್ಡರ್ ರಿಪೇರಿ ನನ್ನ ಕಸುಬು. ಹಳ್ಳಿಯ ಸೆಟ್ಟುಗಳ ಹೆಡ್ಡಿಗೆಲ್ಲ ಕೆಂಧೂಳು. ಒಂದು ಸಲ ಸಂಘದವರೊಬ್ಬರು ಸೆಟ್ಟು ತಂದು ಮೇಜಿನ ಮೇಲಿಟ್ಟು, “ಅಣ್ಣಾ, ಮಾತಾಡಿರೋರು ನಾವು. ಬರೋದು ಮಾತ್ರ ಗಂಡಸ್ರ ದನಿ” ಎಂದರು. ಬಿಚ್ಚಿ ನೋಡಿದರೆ ಬೆಲ್ಟು ಸಡಿಲ. ಟೇಪು ನಿಧಾನವಾಗಿ ಓಡಿದರೆ ದನಿ ದಪ್ಪವಾಗುತ್ತದೆ. ಹೊಸ ಬೆಲ್ಟು ಹಾಕಿದೆ. ಆಕೆ ಅಲ್ಲೇ ನಿಂತು ಪೂರ್ತಿ ಕೇಳಿ, ಸರಿಯಿದೆ ಅಂದಮೇಲೇ ದುಡ್ಡು ಕೊಟ್ಟಿದ್ದು.

2003ರ ಹೊತ್ತಿಗೆ ‘ನಮ್ಮ ಧ್ವನಿ’ಯವರು ಕೇಬಲ್ ಹಿಡಿದರು. ಗಾಳಿಯಲ್ಲಿ ಬಿಡಲು ಲೈಸೆನ್ಸ್ ಬೇಕು. ತಂತಿಯ ಮೇಲೆ ಕಳಿಸಲು ದಾರಿಯಿತ್ತು. ಕೇಬಲ್ ಟಿವಿಯ ತಂತಿಯಲ್ಲೇ ಸ್ಟುಡಿಯೊದ ಮಾತು ಮನೆಗಳಿಗೆ ಹರಿಯಿತು.

ಇಂಥದ್ದೇ ಕಥೆ ಮೇದಕ್ ಸೀಮೆಯ ಮಾಚನೂರಿನದು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರು 1998ರಲ್ಲೇ ಸ್ಟುಡಿಯೊ ಕಟ್ಟಿಕೊಂಡು ಬಿತ್ತನೆ ಬೀಜ, ಹಾಡು, ನಾಟಿ ಮದ್ದು ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿದರು. ಸರ್ಕಾರೇತರ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ನಡೆಸಲು ಅನುಮತಿ ಕೊಡುವ ನೀತಿ ಬಂದದ್ದು 2006ರ ನವೆಂಬರಿನಲ್ಲಿ. ಮಾಚನೂರಿನ ಹೆಂಗಸರ ‘ಸಂಘಂ ರೇಡಿಯೊ’ ಗಾಳಿಗೆ ಬಂದದ್ದು 2008ರ ಅಕ್ಟೋಬರ್ 15ರಂದು. ಲೈಸೆನ್ಸ್ ಕೈಗೆ ಬರುವಷ್ಟರಲ್ಲಿ ಕೆಲಸ ಪಳಗಿತ್ತು.

ಬೀಗ ಇನ್ನೂ ಪೂರ್ತಿ ತೆಗೆದಿಲ್ಲ. ಸಮುದಾಯ ರೇಡಿಯೊದವರು ಸ್ವಂತ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯದನ್ನು ಇದ್ದಂತೆ ಬಿತ್ತರಿಸಬಹುದು ಅಷ್ಟೆ. ನೀರು, ಕರೆಂಟಿನ ಮಾಹಿತಿಗೆ ಅಡ್ಡಿಯಿಲ್ಲ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದರೆ ಅದು ಮಾಹಿತಿ. ಯಾಕೆ ಬರುವುದಿಲ್ಲ ಎಂದು ಸಂಘದ ಹೆಂಗಸೊಬ್ಬಳು ಮೈಕಿನಲ್ಲಿ ಕೇಳಿದರೆ ಸುದ್ದಿಯಾಗಿಬಿಡುತ್ತದೋ ಏನೋ! ಈ ಹೆಂಗಸರು ಕ್ಯಾಸೆಟ್ಟು ಹಿಡಿದು ಹೊರಟದ್ದೇ ಆ ‘ಯಾಕೆ’ ಕೇಳುವುದಕ್ಕೆ.