ಒರೆಗೆ ಹಚ್ಚಿದ ಮದ್ದು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ, ಎದೆಯಲ್ಲಿ ಗಂಟು ಕಂಡ ಹೆಣ್ಣುಮಗಳು ಬಹುಕಾಲ ಅದನ್ನು ಸೆರಗಿನ ಮರೆಯಲ್ಲಿಯೇ ಇಟ್ಟುಕೊಳ್ಳುವುದುಂಟು. ಗಂಟಿಗೆ ನೋವಿಲ್ಲ, ಹೇಳಿಕೊಳ್ಳಲು ನಾಚಿಕೆ, ಸುಗ್ಗಿ ಮುಗಿಯಲಿ, ಮಗಳ ಮದುವೆ ಕಳೆಯಲಿ ಎಂಬ ಮುಂದೂಡಿಕೆ. ಹಾಸನದ ಮಗ್ಗುಲಿನ ಬೂವನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 180 ಕಿಲೋಮೀಟರು. ಆಕೆ ಆ ದಾರಿ ಹಿಡಿಯುವ ಹೊತ್ತಿಗೆ ರೋಗವು ಮೂಳೆಗೋ ಯಕೃತ್ತಿಗೋ ಹಬ್ಬಿರುವುದು ಅಪರೂಪವಲ್ಲ. ಹಾಗೆ ಹಬ್ಬಿದ ರೋಗವನ್ನು ಬೇರುಸಹಿತ ಕೀಳುವ ಮಾತನ್ನು ವೈದ್ಯರು ಸಾಮಾನ್ಯವಾಗಿ ಆಡುವುದಿಲ್ಲ. ಅದನ್ನು ಎಷ್ಟು ಕಾಲ ತಡೆದು ನಿಲ್ಲಿಸಬಹುದು ಎಂಬುದನ್ನೇ ನೋಡುತ್ತಾರೆ. ಹೀಗಿರುವಾಗ ಹೊಸದೊಂದು ಮದ್ದು ಹಳೆಯದಕ್ಕಿಂತ ಮೇಲೆಂದು ಹೇಳುವುದು ಯಾವ ಆಧಾರದ ಮೇಲೆ? ಈ ಪ್ರಶ್ನೆಗೆ ನೂರಿಪ್ಪತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಯಾವ ಮದ್ದು ಎಂಬುದಕ್ಕಿಂತ ಯಾರಿಗೆ ಆ ಮದ್ದು ಎಂಬುದೇ ಈ ಚರಿತ್ರೆಯ ಗಂಟು ಎಂದು ನನ್ನ ಎಣಿಕೆ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ 1895ರಲ್ಲಿ ಸ್ತನದ ಕ್ಯಾನ್ಸರು ಮರುಕಳಿಸಿದ್ದ ಒಬ್ಬ ತರುಣಿಯ ಅಂಡಾಶಯಗಳನ್ನು ತೆಗೆದುಹಾಕಿದನು. ಗೆಡ್ಡೆ ಕರಗತೊಡಗಿತು. 1896ರಲ್ಲಿ ಅದನ್ನು ಪ್ರಕಟಿಸಿದಾಗ ವೈದ್ಯಲೋಕ ಬೆರಗಾಯಿತು. ಇತರರು ಮಾಡಿ ನೋಡಿದಾಗ ಕಂಡದ್ದು ಬೇರೆ: ಸುಮಾರು ಮೂವರಲ್ಲಿ ಒಬ್ಬಳಿಗೆ ಗುಣ ಕಾಣುತ್ತಿತ್ತು, ಉಳಿದಿಬ್ಬರು ವೃಥಾ ಕತ್ತಿಗೆ ಮೈಯೊಡ್ಡಿದಂತಾಗುತ್ತಿತ್ತು. ಆ ಒಬ್ಬಳು ಯಾರೆಂದು ಮೊದಲೇ ತಿಳಿಯುವ ಉಪಾಯ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಿಗಲಿಲ್ಲ. ಹೆಣ್ಣಿನ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕವೆಂಬ ವಸ್ತು ಕೆಲವು ಗೆಡ್ಡೆಗಳಲ್ಲಿ ಇರುತ್ತದೆ, ಕೆಲವುದರಲ್ಲಿ ಇರುವುದಿಲ್ಲ ಎಂಬುದು ಷಿಕಾಗೋದ ಎಲ್‌ವುಡ್ ಜೆನ್ಸನ್ ಅವರ ಶೋಧನೆಗಳಿಂದ ಮುಂದೆ ತಿಳಿಯಬಂತು. ಬೀಟ್ಸನ್ನನ ಕತ್ತಿ ಫಲಿಸಿದ್ದು ಗ್ರಾಹಕವಿದ್ದವರಲ್ಲಿ.

ಅಷ್ಟರಲ್ಲಿ ಇನ್ನೊಂದು ಧಾರೆಯೂ ಹರಿದುಬಂದಿತ್ತು. ಯುದ್ಧದ ವಿಷಾನಿಲದ ಅಧ್ಯಯನದಿಂದ 1940ರ ದಶಕದಲ್ಲಿ ಹುಟ್ಟಿದ ರಾಸಾಯನಿಕ ಚಿಕಿತ್ಸೆ, ಎಂದರೆ ಕಿಮೊಥೆರಪಿ, ಬೆಳೆಯುವ ಜೀವಕೋಶವನ್ನೆಲ್ಲ ಹೊಡೆಯುತ್ತದೆ. ಕಳೆಯೂ ಸಾಯುತ್ತದೆ, ಪೈರೂ ಬಾಡುತ್ತದೆ. ನಮ್ಮ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದಲ್ಲಿ ನಡೆಸಿದ ಸಂಶೋಧನೆಯ ಫಲವಾದ ಮೆಥೊಟ್ರೆಕ್ಸೇಟ್, ಸ್ತನದ ಕ್ಯಾನ್ಸರಿಗೆ 1976ರಲ್ಲಿ ಮಿಲಾನ್ ನಗರದ ಬೊನಡೊನ್ನ ಅವರು ಹೆಸರುವಾಸಿ ಮಾಡಿದ ಮೂರು ಔಷಧಗಳ ಕೂಟದಲ್ಲಿ ಒಂದಾಗಿತ್ತು. ಕೂದಲು ಉದುರುವುದು, ವಾಂತಿ, ರಕ್ತದ ಬಿಳಿಯ ಕಣಗಳು ಇಳಿಯುವುದು ಇವೆಲ್ಲವೂ ಆ ಚಿಕಿತ್ಸೆಯ ಬೆಲೆ. ಆದರೂ ಹೊಸ ಮದ್ದು ಯಾವುದೇ ಬರಲಿ, ಅದನ್ನು ಉಜ್ಜಿ ನೋಡುವ ಒರೆಗಲ್ಲು ಇದೇ ಆಯಿತು. ಹಾರ್ಮೋನಿನ ದಾರಿ ತಡೆಯುವ ಟಮಾಕ್ಸಿಫೆನ್ ಗುಳಿಗೆ ಗರ್ಭನಿರೋಧಕವಾಗಲೆಂದು ಹುಟ್ಟಿ, ಅಲ್ಲಿ ಸೋತು, 1971ರಲ್ಲಿ ಮ್ಯಾಂಚೆಸ್ಟರಿನಲ್ಲಿ 46 ರೋಗಿಗಳ ಪೈಕಿ 10 ಮಂದಿಗೆ ಗುಣ ತೋರಿದ್ದೂ ಒಂದು ಸ್ವಾರಸ್ಯದ ಕಥೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಗುರಿಯಿಟ್ಟ ಔಷಧದ ಕಥೆಯಲ್ಲಿ ಮೊದಲು ನೆನೆಯಬೇಕಾದವರಲ್ಲಿ ಒಬ್ಬ ಭಾರತೀಯರಿದ್ದಾರೆ. ಅಮೆರಿಕದ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿದ್ದ ಲಕ್ಷ್ಮೀಚರಣ ಪಾಧಿ ಅವರು 1982ರಲ್ಲಿ ಇಲಿಯ ಗೆಡ್ಡೆಯೊಂದರಲ್ಲಿ ವಿಚಿತ್ರವಾದ ಪ್ರೋಟೀನೊಂದನ್ನು ಗುರುತಿಸಿದರು. ಮನುಷ್ಯನಲ್ಲಿ ಅದಕ್ಕೆ ಸಂವಾದಿಯಾದ ಜೀನ್ 1985ರ ಹೊತ್ತಿಗೆ ಕೈಗೆ ಸಿಕ್ಕಿತು, ಅದೇ ಹರ್-2. ಡೆನಿಸ್ ಸ್ಲಾಮನ್ ಎಂಬ ವೈದ್ಯರು 189 ಸ್ತನದ ಗೆಡ್ಡೆಗಳನ್ನು ಪರೀಕ್ಷಿಸಿ, ಸುಮಾರು ಶೇಕಡಾ 30ರಲ್ಲಿ ಈ ಜೀನ್ ಮಿತಿಮೀರಿ ಹೆಚ್ಚಿದೆಯೆಂದೂ ಅಂಥವರ ರೋಗ ಬೇಗ ಉಲ್ಬಣಿಸುತ್ತದೆಂದೂ 1987ರಲ್ಲಿ ತೋರಿಸಿದರು. ಜೀವಕೋಶದ ಹೊರಮೈಯಲ್ಲಿ ಬಾಗಿಲ ಚಿಲಕದಂತಿರುವ ಈ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಅದುಮುವ ಪ್ರತಿಕಾಯವನ್ನು ಜೆನೆಂಟೆಕ್ ಕಂಪನಿ ಸಿದ್ಧಪಡಿಸಿತು. ಅದಕ್ಕೆ ಟ್ರಾಸ್ಟುಜುಮಾಬ್ ಎಂದು ಹೆಸರು. ಅಂಗಡಿಯ ಹೆಸರು ಹರ್ಸೆಪ್ಟಿನ್.

ಒರೆಗೆ ಹಚ್ಚುವ ಕಾಲ ಬಂದದ್ದು 1995ರಲ್ಲಿ. ರೋಗ ಹಬ್ಬಿದ 469 ಮಹಿಳೆಯರನ್ನು ಎರಡು ಪಾಲು ಮಾಡಲಾಯಿತು. ಒಂದು ಪಾಲಿಗೆ ಕಿಮೊಥೆರಪಿ ಮಾತ್ರ. ಇನ್ನೊಂದಕ್ಕೆ ಕಿಮೊಥೆರಪಿಯ ಜೊತೆಗೆ ಹೊಸ ಪ್ರತಿಕಾಯ. ಯಾರು ಯಾವ ಪಾಲಿಗೆ ಎಂಬುದನ್ನು ವೈದ್ಯನ ಕರುಣೆಯಾಗಲಿ ರೋಗಿಯ ಶಿಫಾರಸಾಗಲಿ ನಿರ್ಧರಿಸುವಂತಿರಲಿಲ್ಲ. ಚೀಟಿ ಎತ್ತಿದಂತೆ ಅದು ತಾನಾಗಿ ಬೀಳಬೇಕು. ಕೇಳಲು ಕಠೋರವೆನಿಸುತ್ತದೆ. ಆದರೆ ಗಟ್ಟಿಮುಟ್ಟಾದವರಿಗೇ ಹೊಸ ಮದ್ದು ಕೊಟ್ಟು, ಅವರು ಬದುಕಿದರೆಂದು ಮದ್ದನ್ನು ಹೊಗಳುವುದು ಇನ್ನೂ ದೊಡ್ಡ ಅನ್ಯಾಯವಾದೀತು. 2001ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ರೋಗ ಮತ್ತೆ ಮುಂದುವರಿಯುವವರೆಗಿನ ಅವಧಿ ಮೊದಲ ಪಾಲಿನಲ್ಲಿ 4.6 ತಿಂಗಳು, ಎರಡನೆಯದರಲ್ಲಿ 7.4 ತಿಂಗಳು, ಒಟ್ಟು ಬದುಕಿದ ಕಾಲ 20.3 ತಿಂಗಳ ಎದುರು 25.1 ತಿಂಗಳು. ಕಿಮೊಥೆರಪಿ ಮಾತ್ರ ಪಡೆದವರಲ್ಲಿ ಬಹುಮಂದಿಗೆ ರೋಗ ಮುಂದುವರಿದ ಮೇಲೆ ಹೊಸ ಮದ್ದನ್ನೂ ಕೊಡಲಾಯಿತು. ಅಷ್ಟಾದರೂ ಅಂತರ ಅಳಿಸಿಹೋಗಲಿಲ್ಲ.

ಐದು ತಿಂಗಳು ಯಾವ ಮಹಾ ಎನ್ನುವವರುಂಟು. ಆ ಐದು ತಿಂಗಳಲ್ಲಿ ಮಗುವನ್ನು ಶಾಲೆಗೆ ಸೇರಿಸಬೇಕಾದ ತಾಯಿಯನ್ನು ಅವರು ಕೇಳಬೇಕು. ಹಾಗೆಂದು ಮದ್ದಿನ ದೋಷವನ್ನೂ ಮುಚ್ಚಿಡಬಾರದು. ಆಂಥ್ರಾಸೈಕ್ಲಿನ್ ಗುಂಪಿನ ರಾಸಾಯನಿಕದೊಡನೆ ಈ ಪ್ರತಿಕಾಯವನ್ನು ಪಡೆದವರಲ್ಲಿ ಶೇಕಡಾ 27 ಮಂದಿಯ ಹೃದಯ ದುರ್ಬಲವಾಯಿತು. ಬರಿಯ ರಾಸಾಯನಿಕ ಪಡೆದವರಲ್ಲಿ ಅದು ಶೇಕಡಾ 8. ಎದುರುಪಾಲು ಇಲ್ಲದಿದ್ದರೆ ಈ ಅಪಾಯದ ಅಳತೆಯೂ ತಿಳಿಯುತ್ತಿರಲಿಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ಇನ್ನೊಂದು. ಆ 469 ಮಂದಿಯೂ ಹರ್-2 ಹೆಚ್ಚಿದ್ದವರು, ಆರಿಸಿ ತೆಗೆದವರು. ಮೂರು ನಾಲ್ವರಲ್ಲಿ ಒಬ್ಬರಿಗೆ ಹಿಡಿಯುವ ಮದ್ದನ್ನು ಆರಿಸದೆ ಎಲ್ಲರಿಗೂ ಕೊಟ್ಟು ನೋಡಿದ್ದರೆ, ಆಕೆಯ ಲಾಭ ಉಳಿದವರ ಸೋಲಿನಲ್ಲಿ ಕರಗಿ, ಮದ್ದು ನಿಷ್ಫಲವೆಂದು ಕಪಾಟು ಸೇರುವ ಸಂಭವವಿತ್ತು. ಬೀಟ್ಸನ್ನನಿಗೆ ಇಲ್ಲದಿದ್ದ ಜರಡಿ ಸ್ಲಾಮನ್ನರಿಗೆ ಇತ್ತು. ಗೆಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ, ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡಿ, ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವುದೇ ಆ ಜರಡಿ. ಪರೀಕ್ಷೆಗೆ ಎರಡು, ಮೂರು ಅಂಕದವರನ್ನು ಸೇರಿಸಿಕೊಂಡಿದ್ದರು. ಲಾಭ ಮುಖ್ಯವಾಗಿ ಮೂರರವರಿಗೆ ಎಂದು ಆಮೇಲೆ ಗೊತ್ತಾಯಿತು.

1998ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಅಪ್ಪಣೆ ದೊರೆತ ಈ ಮದ್ದು ಭಾರತಕ್ಕೂ ಬಂದಿತು. ಬಡವರ ಕೈಗೆ ಎಟುಕಲಿಲ್ಲ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಹೊಸ್ತಿಲಿಗೆ ಹಾಸನದ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ಪ್ರಯಾಣ. ಶ್ರವಣಬೆಳಗೊಳದ ಮೇಲೆ ಹಾಸನದಿಂದ ಬೆಂಗಳೂರಿಗೆ ನೇರ ರೈಲು ಓಡಿದ್ದು 2017ರಲ್ಲಿ. ಅದಕ್ಕೆ ಮುಂಚೆಯೇ, 2014ರ ಜನವರಿಯಲ್ಲಿ, ಬೆಂಗಳೂರಿನ ಬಯೋಕಾನ್ ಕಂಪನಿ ಇದೇ ಪ್ರತಿಕಾಯದ ತನ್ನ ರೂಪವನ್ನು ಮಾರುಕಟ್ಟೆಗೆ ತಂದಿತ್ತು. 440 ಮಿಲಿಗ್ರಾಂ ಸೀಸೆಗೆ 57,500 ರೂಪಾಯಿ. ಮೂಲ ಔಷಧಕ್ಕಿಂತ ಸುಮಾರು ಕಾಲುಭಾಗ ಕಡಿಮೆ. ಕೂಲಿಯ ಮನೆಗೆ ಅದೂ ಬೆಟ್ಟವೇ.

ಇಲ್ಲಿ ಪರೀಕ್ಷೆಯ ಸ್ವರೂಪವೇ ಬದಲಾಯಿತು. ಇಂಥ ಮದ್ದನ್ನು ಸಜೀವ ಕೋಶಗಳಲ್ಲಿ ಬೆಳೆಸಿ ತೆಗೆಯಬೇಕು. ಒಂದೇ ಹೆಪ್ಪು ಹಾಕಿದರೂ ಎರಡು ಮನೆಯ ಮೊಸರು ಒಂದೇ ಆಗುವುದಿಲ್ಲವಲ್ಲ! ಆದ್ದರಿಂದ ಹೊಸದು ಮೇಲೆಂದಲ್ಲ, ಸಮವೆಂದು ತೋರಿಸಬೇಕು. ಪರೀಕ್ಷೆ ಸಾಕಷ್ಟು ನಡೆದಿಲ್ಲವೆಂದು ಮೂಲ ಔಷಧದ ಒಡೆಯರಾದ ರೋಷ್ ಕಂಪನಿ 2014ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಬಯೋಕಾನ್ ಮತ್ತು ಮೈಲಾನ್ ಕಂಪನಿಗಳ ಮದ್ದನ್ನು 500 ರೋಗಿಗಳಲ್ಲಿ ಮೂಲದೊಡನೆ ಹೋಲಿಸಿದ ಬಹುರಾಷ್ಟ್ರೀಯ ಪರೀಕ್ಷೆಯ ವರದಿ 2016ರ ಡಿಸೆಂಬರಿನಲ್ಲಿ ಹೊರಬಂದಿತು. ಎರಡೂ ಕಡೆ ಕಿಮೊಥೆರಪಿ ಜೊತೆಗಿತ್ತು. 24 ವಾರಗಳಲ್ಲಿ ಗೆಡ್ಡೆ ಕುಗ್ಗಿದವರು ಹೊಸದರಲ್ಲಿ ಶೇಕಡಾ 69.6, ಮೂಲದಲ್ಲಿ 64.0. ಹೆಚ್ಚಿನ ಅಂಕಿ ಕಂಡು ಯಾರೂ ಜಯಭೇರಿ ಹೊಡೆಯುವಂತಿರಲಿಲ್ಲ. ಅಂತರವು ಮೊದಲೇ ಗೊತ್ತುಮಾಡಿದ ಮೇರೆಯೊಳಗಿದೆ ಎಂಬಷ್ಟೇ ತೀರ್ಮಾನ. 2017ರ ಡಿಸೆಂಬರ್ 1ರಂದು ಅಮೆರಿಕ ಅದನ್ನು ಒಪ್ಪಿಕೊಂಡಿತು. ಈ ಮದ್ದಿನ ಸಮರೂಪವೊಂದಕ್ಕೆ ಅಲ್ಲಿ ದೊರೆತ ಮೊದಲ ಒಪ್ಪಿಗೆ ಅದು.

ಜರಡಿಯ ಕಣ್ಣೂ ಒಂದೇ ಸಮನೆ ನಿಂತಿಲ್ಲ. ಪ್ರತಿಕಾಯದ ಬೆನ್ನಿಗೆ ಕಿಮೊಥೆರಪಿಯ ವಿಷವನ್ನೇ ಹೊರಿಸಿ ಕಳುಹಿಸುವ ಟ್ರಾಸ್ಟುಜುಮಾಬ್ ಡೆರಕ್ಸ್‌ಟಿಕಾನ್ ಎಂಬ ಮದ್ದನ್ನು, ಹರ್-2 ಅಲ್ಪವಾಗಿರುವ, ಎಂದರೆ ಅಂಕ ಒಂದೋ, ಜೀನ್ ಹೆಚ್ಚಿಲ್ಲದ ಎರಡೋ ಬಂದಿರುವ 557 ರೋಗಿಗಳಲ್ಲಿ ಸಾಮಾನ್ಯ ಕಿಮೊಥೆರಪಿಯ ಎದುರು ಇಟ್ಟು ನೋಡಿದರು. 2022ರಲ್ಲಿ ಫಲಿತಾಂಶ ಬಂದಿತು: ರೋಗ ಮುಂದುವರಿಯದ ಕಾಲ 5.1 ತಿಂಗಳ ಎದುರು 9.9 ತಿಂಗಳು, ಬದುಕಿದ ಕಾಲ 16.8ರ ಎದುರು 23.4. ಇವರೆಲ್ಲ ಹಿಂದೆ ‘ಹರ್-2 ಇಲ್ಲ’ ಎಂಬ ಚೀಟಿ ಹಿಡಿದು ಮನೆಗೆ ಮರಳುತ್ತಿದ್ದ ಗುಂಪಿನವರು. ಅಂಥ ಚೀಟಿಗಳು ನಮ್ಮ ಹಾಸನದ ಮನೆಗಳ ಟ್ರಂಕುಗಳಲ್ಲಿಯೂ ಇದ್ದಾವು. ಅದರಲ್ಲಿ ಬರೆದ ಅಂಕ ಸೊನ್ನೆಯೋ, ಒಂದೋ, ಎರಡೋ ಎಂದು ಈಗ ನೋಡಬೇಕಾಗಿದೆ. ಅಂಕವನ್ನೇ ಬರೆದಿರದಿದ್ದರೆ, ಪ್ರಯೋಗಾಲಯದಲ್ಲಿ ಉಳಿದಿರುವ ಆ ಮೇಣದ ಅಚ್ಚನ್ನು ಹೊರತೆಗೆದು ಇನ್ನೊಮ್ಮೆ ಓದಿಸಬಹುದು.