ಕದ್ದಾಲಿಕೆ ಬೇರೆ, ಸಾಕ್ಷ್ಯ ಬೇರೆ

2019ರ ಫೆಬ್ರುವರಿ 8ರಂದು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಬಿಡುಗಡೆ ಮಾಡಿದ ಆಡಿಯೊ ದೇವದುರ್ಗದ ಹೆಸರನ್ನು ನಾಡಿನ ತುಂಬ ಹರಡಿತು. ಗುರುಮಠಕಲ್ ಶಾಸಕರ ಮಗ ಶರಣಗೌಡ ಕಂದಕೂರ, ಆ ಊರಿನಲ್ಲಿ ಬಿ.ಎಸ್. ಯಡಿಯೂರಪ್ಪ ಅವರೊಂದಿಗೆ ಆಡಿದ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡಿದ್ದರು. ಪಕ್ಷಾಂತರಕ್ಕೆ ಆಮಿಷ ಒಡ್ಡಿದರೆಂಬುದು ಆರೋಪ. ಮೊದಲು ಅಲ್ಲಗಳೆದ ಯಡಿಯೂರಪ್ಪ, ಆಮೇಲೆ ಭೇಟಿಯನ್ನು ಒಪ್ಪಿಕೊಂಡು, ಬೇಕಾದಷ್ಟನ್ನೇ ಉಳಿಸಿ ಮಿಕ್ಕಿದ್ದನ್ನು ಕತ್ತರಿಸಲಾಗಿದೆ ಎಂದರು. ದೇವದುರ್ಗ ಠಾಣೆಯಲ್ಲಿ ದಾಖಲಾದ ಪ್ರಕರಣಕ್ಕೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ತಡೆ ಸಿಕ್ಕಿತ್ತು. 2021ರ ಮಾರ್ಚ್‌ನಲ್ಲಿ ತನಿಖೆಗೆ ಮತ್ತೆ ಹಾದಿ ತೆರೆಯಿತು. ಅದು ಆಮಿಷದ ಆರೋಪ, ಎದುರುಬದುರು ಆಡಿದ ಮಾತು. ಆದರೂ ಫೋನಿನಲ್ಲಿ ಬೆದರಿಕೆ ಕೇಳಿದ ರಾಯಚೂರಿನ ವ್ಯಾಪಾರಿಗೂ ಮಾನ್ವಿಯ ಸಾಲಗಾರ್ತಿಗೂ ಎದುರಾಗುವ ಪ್ರಶ್ನೆ ಅದೇ: ಹೇಳದೆ ಹಿಡಿದಿಟ್ಟ ಮಾತಿಗೆ ಬೆಲೆ ಉಂಟೆ?

ಉಂಟು ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಮುಂಬೈಯ ಕೊರೊನರ್ ಆಗಿದ್ದ ಮಲ್ಕಾನಿ ಅವರ ಲಂಚದ ಪ್ರಕರಣದಲ್ಲಿ, ಮಾತಾಡುತ್ತಿದ್ದ ಒಬ್ಬರ ಒಪ್ಪಿಗೆಯಿಂದಲೇ ಪೊಲೀಸರು ಫೋನಿಗೆ ಟೇಪ್ ರೆಕಾರ್ಡರ್ ಜೋಡಿಸಿದ್ದರು. ಇದು 1885ರ ಟೆಲಿಗ್ರಾಫ್ ಕಾಯ್ದೆಯ ಉಲ್ಲಂಘನೆಯಲ್ಲ ಎಂದು ಕೋರ್ಟ್ ತೀರ್ಮಾನಿಸಿತು. ಕದ್ದಾಲಿಕೆಯ ಕಥೆಯೇ ಬೇರೆ. ಅದರ ಆರೋಪಕ್ಕೆ 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. 1996ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಟ್ಟುನಿಟ್ಟಿನ ನಿಯಮ ಹಾಕಿತು. ಅಲ್ಲಿ ಕಿವಿಗೊಡುವವನು ಮೂರನೆಯವನು. ಬೆದರಿಕೆ ಕರೆಯಲ್ಲಾದರೋ ಆ ಮಾತು ಯಾರ ಕಿವಿಗೆಂದು ಆಡಿದ್ದೋ ಅವರೇ ಅದನ್ನು ಉಳಿಸಿಕೊಳ್ಳುತ್ತಾರೆ.

ಖಾಸಗಿತನದ ಹಕ್ಕು ಇದಕ್ಕೆ ಅಡ್ಡಬರುವುದಿಲ್ಲವೆ ಎಂಬ ಆಕ್ಷೇಪ ಹಗುರವಾದುದಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದಲೇ 2017ರಲ್ಲಿ ಅದು ಮೂಲಭೂತ ಹಕ್ಕೆಂದು ಸ್ಥಾಪಿತವಾಯಿತು. ಆದರೆ ಆ ತೀರ್ಪೂ ಅದನ್ನು ಎಲ್ಲೆಯಿಲ್ಲದ ಹಕ್ಕೆಂದು ಹೇಳಲಿಲ್ಲ. ದಂಪತಿಯ ನಡುವಿನ ಗುಟ್ಟಿನ ರೆಕಾರ್ಡಿಂಗನ್ನೂ ವಿಚ್ಛೇದನದ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ಹೆದರಿಸುವವನಿಗೆ ಗುಟ್ಟಿನ ರಕ್ಷಣೆ ಕೊಟ್ಟರೆ ಹೆದರಿದವರ ಕೈಯಲ್ಲಿ ಬರಿಯ ಮಾತು ಉಳಿಯುತ್ತದೆ. ಉಳ್ಳವರ ಎದುರು ಬಡವರ ಬರಿಯ ಮಾತು ನಿಲ್ಲುವುದು ಕಷ್ಟ.

ಕತ್ತರಿ ಹಾಕಿರಬಹುದೆಂಬ ಶಂಕೆಗೆ ಹೆಚ್ಚು ತೂಕವಿದೆ. ದನಿ ಯಾರದೆಂದು ಗುರುತಾಗಬೇಕು, ತಿದ್ದಿಲ್ಲವೆಂದು ಖಾತ್ರಿಯಾಗಬೇಕು ಎಂದು 1985ರ ರಾಮ್ ಸಿಂಗ್ ತೀರ್ಪು ಷರತ್ತು ಹಾಕಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಡಿಜಿಟಲ್ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಕೇಳುತ್ತದೆ. ಹಾಗಾಗಿ ವಾಟ್ಸ್ಆ್ಯಪ್‌ನಲ್ಲಿ ಹಂಚಿದ ತುಣುಕಿಗಿಂತ, ಪೂರ್ತಿ ರೆಕಾರ್ಡಿಂಗ್ ಇರುವ ಮೂಲ ಫೋನನ್ನು ಜೋಪಾನ ಮಾಡಿ ಠಾಣೆಗೆ ಒಪ್ಪಿಸುವುದು ಮೇಲು. ಊರಿಗೆಲ್ಲ ಹಂಚಿದರೆ ಮಾನನಷ್ಟದ ಹೊಸ ವ್ಯಾಜ್ಯ ಹುಟ್ಟಬಹುದು. ಸಾಲ ವಸೂಲಿಯ ಕಿರುಕುಳಕ್ಕೆ 10 ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿರುವ ಸುಗ್ರೀವಾಜ್ಞೆಯನ್ನು ರಾಜ್ಯ 2025ರ ಫೆಬ್ರುವರಿಯಲ್ಲಿ ತಂದಿತು. ಅಂಥ ಶಿಕ್ಷೆ ಕಾಗದದಿಂದ ಕೋರ್ಟಿಗೆ ತಲುಪಬೇಕಾದರೆ ಪುರಾವೆ ಬೇಕು. ಅದನ್ನು ಕೂಡಿಡುವ ಹಕ್ಕು ಬೆದರಿಕೆ ಕೇಳಿದವರಿಗೆ ಇರಲೇಬೇಕು.