ಬೇವಿನಿಂದ ಹಾಲಾಹಲದವರೆಗೆ

‘ನಂಜು’ ಎಂಬ ದೇಶ್ಯಪದದ ಹರವು ಬಹಳ ದೊಡ್ಡದು. ಗಾಯ ಮಾಗದೆ ಕೀವುಗಟ್ಟಿದರೆ ನಂಜಾಯಿತು ಎನ್ನುತ್ತಾರೆ. ಹುಣ್ಣಾದವರಿಗೆ ಬದನೆಕಾಯಿ ನಂಜು ಎಂದು ಮನೆಯ ಹಿರಿಯರು ತಡೆಯುತ್ತಾರೆ. ಕಡಲು ಕಡೆದಾಗ ಹುಟ್ಟಿದ ಹಾಲಾಹಲವನ್ನು ಕುಡಿದ ಶಿವನೂ ನಂಜುಂಡನೇ. ತುರಿಕೆಯಿಂದ ಲೋಕನಾಶದವರೆಗೆ ಒಂದೇ ಪದ. ಆಡುಮಾತಿಗೆ ಇಷ್ಟು ಸಾಕು. ವೈದ್ಯನಿಗೂ ಸಾಲದು, ಕರ್ಮದ ಲೆಕ್ಕ ಹಿಡಿಯುವ ಶಾಸ್ತ್ರಕಾರನಿಗೂ ಸಾಲದು. ಕೇಡನ್ನು ತರತಮದಿಂದ ಹೆಸರಿಸದಿದ್ದರೆ ಒಬ್ಬನ ಚಿಕಿತ್ಸೆ ತಪ್ಪುತ್ತದೆ, ಇನ್ನೊಬ್ಬನ ನ್ಯಾಯ ತಪ್ಪುತ್ತದೆ.

ವೈದ್ಯರ ಪರಿಭಾಷೆ ಮೊದಲಿನಿಂದಲೂ ಎಚ್ಚರದ್ದು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹಾವಿನ ಹಲ್ಲು ಆಳವಾಗಿ ನಾಟಿದ ಕಡಿತ ‘ಸರ್ಪಿತ’. ಗೀರಿದಂತಾಗಿ ಅಲ್ಪವಿಷ ತಗುಲಿದ್ದು ‘ರದಿತ’. ವಿಷವೇರದ ಕಡಿತ ‘ನಿರ್ವಿಷ’. ಹಾವಿನ ಮೈ ಸೋಂಕಿದ್ದಷ್ಟಕ್ಕೇ ಅಂಜುಕುಳಿಯ ಮೈ ಊದಿಕೊಂಡರೆ ಅದಕ್ಕೂ ‘ಸರ್ಪಾಂಗಾಭಿಹತ’ ಎಂಬ ಬೇರೆಯ ಹೆಸರು. ಕತ್ತಲೆಯಲ್ಲಿ ಏನೋ ಕಚ್ಚಿತೆಂಬ ಭಯದಿಂದಲೇ ಜ್ವರ, ಮೂರ್ಛೆಗಳು ಬರುವುದನ್ನು ಚರಕಸಂಹಿತೆ ‘ಶಂಕಾವಿಷ’ ಎನ್ನುತ್ತದೆ. ಅದರ ಚಿಕಿತ್ಸೆಯಲ್ಲಿ ಸಾಂತ್ವನದ ಮಾತಿಗೂ ಸ್ಥಾನವಿದೆ. ಕೊಲ್ಲದೆ, ಪೂರ್ಣವಾಗಿ ಹೋಗದೆ, ದೇಹದಲ್ಲಿ ಅಡಗಿದ್ದು ಕಾಲ ಕೂಡಿಬಂದಾಗ ಕೆರಳುವುದು ‘ದೂಷೀವಿಷ’.

ಈ ವಿಷವಿದ್ಯೆಯನ್ನು ಕನ್ನಡ ಪದ್ಯಕ್ಕೆ ತಂದವನು ಜೈನಕವಿ ಒಂದನೆಯ ಮಂಗರಾಜ. ಅವನ ‘ಖಗೇಂದ್ರಮಣಿದರ್ಪಣ’ದ ಕಾಲ ಸುಮಾರು 1360 ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಖಗೇಂದ್ರನೆಂದರೆ ಗರುಡ; ವಿಷಹರಣದ ಗ್ರಂಥಕ್ಕೆ ಒಪ್ಪುವ ಹೆಸರು. ಈ ಕೃತಿಯ ಬಗ್ಗೆ ಆಗಾಗ ಬರಹಗಳು ಬರುತ್ತಲೇ ಇವೆ. ಆದರೆ ಅದೇ ವರುಷಗಳಲ್ಲಿ, ಅದೇ ಭಾಷೆಯಲ್ಲಿ, ಮತ್ತೊಬ್ಬ ಜೈನ ಲೇಖಕ ಬೇರೊಂದು ಬಗೆಯ ವಿಷಕ್ಕೆ ತರತಮ ಹೇಳುತ್ತಿದ್ದನೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಕೇಶವವರ್ಣಿ ಶಕ 1281ರಲ್ಲಿ, ಎಂದರೆ ಕ್ರಿ.ಶ. 1359ರಲ್ಲಿ, ‘ಗೊಮ್ಮಟಸಾರ’ಕ್ಕೆ ಕರ್ಣಾಟಕವೃತ್ತಿಯನ್ನು ಬರೆದು ಮುಗಿಸಿದನು. ಮೂಲಗ್ರಂಥ ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯದು, ಪ್ರಾಕೃತದಲ್ಲಿದೆ.

ಬಂಧಗೊಂಡ ಕರ್ಮವು ಎಷ್ಟು ತೀವ್ರವಾಗಿ ಫಲ ಕೊಡುತ್ತದೆ ಎಂಬುದಕ್ಕೆ ಸಿದ್ಧಾಂತದಲ್ಲಿ ‘ಅನುಭಾಗ’ವೆಂದು ಹೆಸರು. ಇದನ್ನು ಅಳೆಯಲು ಆಚಾರ್ಯರು ಸಂಖ್ಯೆಯೊಂದಕ್ಕೇ ತೃಪ್ತರಾಗಲಿಲ್ಲ, ನಾಲಗೆಗೂ ಕೈಗೂ ಪರಿಚಿತವಾದ ವಸ್ತುಗಳನ್ನು ಕರೆದರು. ಆತ್ಮಗುಣಗಳನ್ನು ಕೆಡಿಸುವ ಘಾತಿಕರ್ಮಗಳ ಶಕ್ತಿ ಬಳ್ಳಿ, ಮರ, ಎಲುಬು, ಕಲ್ಲು ಎಂಬ ನಾಲ್ಕು ಮಟ್ಟಗಳದು. ಬಳ್ಳಿಯ ಮಟ್ಟ ಮತ್ತು ಮರದ ಮಟ್ಟದ ಅನಂತದ ಒಂದು ಭಾಗ ಮಾತ್ರ ‘ದೇಶಘಾತಿ’, ಅಂಶಮಾತ್ರ ಕೆಡಿಸುವಂಥದು, ಅದರಾಚೆಗಿನದೆಲ್ಲ ‘ಸರ್ವಘಾತಿ’. ಗೆರೆಯನ್ನು ಬಳ್ಳಿಗೂ ಮರಕ್ಕೂ ನಡುವೆ ಸುಲಭವಾಗಿ ಎಳೆಯಬಹುದಿತ್ತು, ಮರದೊಳಗೇ ಎಳೆದಿದ್ದಾರೆ. ಅಘಾತಿ ಕರ್ಮಗಳಲ್ಲಿ ಪುಣ್ಯಪ್ರಕೃತಿಗಳಿಗೆ ಬೆಲ್ಲ, ಖಂಡ, ಸಕ್ಕರೆ, ಅಮೃತಗಳು ಉಪಮಾನ. ಪಾಪಪ್ರಕೃತಿಗಳಿಗೆ ಬೇವು, ಕಾಂಜೀರ, ವಿಷ, ಹಾಲಾಹಲ.

ಈ ಸಾಲಿನಲ್ಲಿ ಕಾಂಜೀರ ವಿಶೇಷ ವಿಚಾರಣೆಗೆ ಯೋಗ್ಯವಾಗಿದೆ. ತಮಿಳು, ಮಲಯಾಳಗಳ ಕಾಂಜಿರಮರವೇ ಕನ್ನಡದ ಕಾಸರಕ, ಹೆಮ್ಮುಷ್ಟಿ. (ಕಾಸರಗೋಡಿನ ಹೆಸರನ್ನು ಈ ಮರಕ್ಕೆ ಸೇರಿಸಿ ಹೇಳುವವರೂ ಇದ್ದಾರೆ.) ಇದರ ಬೀಜದಲ್ಲಿರುವುದು ಸ್ಟ್ರಿಕ್ನಿನ್, ಮನುಷ್ಯನನ್ನು ಕೊಲ್ಲಬಲ್ಲುದು. ಹಾಗಿದ್ದೂ ಶಾಸ್ತ್ರ ಅದನ್ನು ‘ವಿಷ’ಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಕಹಿಯಾದರೂ ಹಿತವಾದ ಬೇವಿಗಿಂತ ಒಂದು ಮೆಟ್ಟಿಲು ಮೇಲೆ ಕೂರಿಸಿದೆ. ರಸಶಾಸ್ತ್ರವೂ ವಿಷಮುಷ್ಟಿ ಎಂಬ ಹೆಸರಿನಲ್ಲಿ ಇದನ್ನು ವಿಷಗಳಲ್ಲಲ್ಲ, ಉಪವಿಷಗಳಲ್ಲಿ ಎಣಿಸುತ್ತದೆ. ಶೋಧಿಸಿದ ಬೀಜ ಔಷಧವಾಗುತ್ತದೆ. ಇಷ್ಟರಿಂದ ಒಂದು ಶಾಸ್ತ್ರ ಇನ್ನೊಂದರಿಂದ ಪಡೆಯಿತೆನ್ನುವುದು ಅವಸರದ ಮಾತಾದೀತು. ಎರಡಕ್ಕೂ ಒಂದೇ ಲೋಕಾನುಭವ ಆಧಾರವಾಗಿರಬಹುದೆಂಬುದು ಹೆಚ್ಚು ಯುಕ್ತ.

ಭಾರತದ 1971ರ ಕೀಟನಾಶಕ ನಿಯಮಗಳೂ ವಿಷತ್ವವನ್ನು ನಾಲ್ಕು ತರಗತಿಗಳಾಗಿಯೇ ವಿಂಗಡಿಸಿ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳನ್ನು ಕೊಟ್ಟಿವೆ. ಅಲ್ಲಿಯ ಅಳತೆಗೋಲು, ಪರೀಕ್ಷೆಗೆ ಒಡ್ಡಿದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ. ಹಿಂಸೆಯ ಮಟ್ಟವನ್ನು ತಿಳಿಯಲು ಹಿಂಸೆಯನ್ನೇ ಮಾಡುವ ಈ ಕ್ರಮ ಕೇಶವವರ್ಣಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಅವನ ಶಾಸ್ತ್ರದಲ್ಲಿ ತೀವ್ರತೆಗೆ ಕಾರಣ ಸತ್ತ ಜೀವಿಗಳ ಸಂಖ್ಯೆಯೊಂದೇ ಅಲ್ಲ, ಮಾಡಿದವನ ಕಷಾಯ. ಕ್ರೋಧ, ಮಾನ, ಮಾಯೆ, ಲೋಭಗಳು ಹೆಚ್ಚಿದಂತೆ ಅದೇ ಕ್ರಿಯೆ ಬೇವಿನಿಂದ ಹಾಲಾಹಲದ ಕಡೆಗೆ ಏರುತ್ತದೆ.

ಏರಿದ್ದು ಇಳಿಯಲೂ ಬಹುದು. ನೇಮಿಚಂದ್ರನದೇ ಆದ ‘ಲಬ್ಧಿಸಾರ’ ಸಮ್ಯಕ್ತ್ವಕ್ಕೆ ಮುಂಚಿನ ಪ್ರಾಯೋಗ್ಯಲಬ್ಧಿಯನ್ನು ವರ್ಣಿಸುವಾಗ ಈ ಹಳೆಯ ಹೆಸರುಗಳನ್ನೇ ಬಳಸಿಕೊಳ್ಳುತ್ತದೆ. ಪರಿಣಾಮ ನಿರ್ಮಲವಾಗುತ್ತ ಬಂದಂತೆ ಅಶುಭ ಕರ್ಮಗಳ ನಾಲ್ಕು ಮಟ್ಟದ ಅನುಭಾಗ ಎರಡು ಮಟ್ಟಕ್ಕೆ ಕುಗ್ಗುತ್ತದೆ. ಘಾತಿಯಲ್ಲಿ ಎಲುಬು, ಕಲ್ಲುಗಳು ಹೋಗಿ ಬಳ್ಳಿ, ಮರಗಳು ನಿಲ್ಲುತ್ತವೆ. ಅಘಾತಿಯಲ್ಲಿ ಹಾಲಾಹಲವೂ ವಿಷವೂ ತೊಲಗಿ, ಬೇವು ಮತ್ತು ಕಾಂಜೀರಗಳಷ್ಟೇ ಉಳಿಯುತ್ತವೆ.